ಲೆಕ್ಕವಿಲ್ಲದ ಧೈರ್ಯಕ್ಕೆ ನೀರು ಮಣಿಯದು

ಮನೆಯಂಗಳದಲ್ಲಿ ತಗಡು ಬೆಸೆದು ಜಲಾಂತರ್ಗಾಮಿ ಕಟ್ಟಿದ ತರುಣನ ಸುದ್ದಿ ಎಲ್ಲಿಂದ ಬಂದರೂ ನಮ್ಮವರು ಮೊದಲು ಕೊಂಡಾಡುವುದು ಅವನ ಧೈರ್ಯವನ್ನು. ಪದವಿಯಿಲ್ಲ, ಲೆಕ್ಕವಿಲ್ಲ, ಆದರೂ ಕಟ್ಟಿದ ಎಂಬುದೇ ಹೊಗಳಿಕೆ. ಇದನ್ನು ನಾನು ಒಪ್ಪಲಾರೆ. ಪದವಿಯಿಲ್ಲದಿರುವುದು ದೋಷವಲ್ಲ, ಲೆಕ್ಕವಿಲ್ಲದಿರುವುದು ದೋಷವೇ ಸರಿ.

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಹರಿಗೋಲನ್ನು ಮುಂದಿಟ್ಟು ವಾದಿಸುವವರಿದ್ದಾರೆ. ಅದನ್ನು ಹೆಣೆದವರು ಯಾವ ಸೂತ್ರ ಓದಿದ್ದರು ಎಂದು ಕೇಳುತ್ತಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಒಳಗೆ ಬೆತ್ತ ಹೊರಗೆ ತೊಗಲಿನ ಈ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಅಂದರೆ ಹರಿಗೋಲಿನ ಬೆನ್ನಿಗೆ ಐದು ಶತಮಾನಕ್ಕೂ ಮಿಕ್ಕ ಅನುಭವವಿದೆ. ಅಲ್ಲದೆ ಅದು ನೀರಿನ ಮೇಲೆ ತೇಲುವಂಥದು. ಮುಳುಗುವ ನಾವೆಗೆ ನಮ್ಮಲ್ಲಿ ಅಂಥ ಪರಂಪರೆಯಿಲ್ಲ. ಅಲ್ಲಿ ಲೆಕ್ಕವೇ ಹಿರಿಯರ ಸ್ಥಾನದಲ್ಲಿ ನಿಲ್ಲಬೇಕು.

ಪ್ರತಿ ಹತ್ತು ಮೀಟರ್ ಆಳಕ್ಕೆ ಪ್ರತಿ ಚದರ ಮೀಟರಿನ ಮೇಲೆ ಹತ್ತು ಟನ್ ಭಾರ ಹೆಚ್ಚುತ್ತದೆ. ನೀರಿನ ಬಲವೆಂದರೇನೆಂದು ಕೊಪ್ಪಳದವರಿಗೆ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಅಂಥ ಗೇಟನ್ನು ತುಂಬಿದ ನೀರು 300 ಟನ್ನಿಗೂ ಮಿಕ್ಕ ಬಲದಿಂದ ಒತ್ತುತ್ತದೆ.

ಗಟ್ಟಿ ಉಕ್ಕು ತಂದರೆ ಸಾಕು ಎಂಬ ಮಾತು ಇನ್ನೂ ಅಪಾಯಕಾರಿ. ಒಂದು ಮೀಟರ್ ವ್ಯಾಸದ, 3 ಮಿಲಿಮೀಟರ್ ದಪ್ಪದ ಉದ್ದನೆಯ ಉಕ್ಕಿನ ಕೊಳವೆಯನ್ನು ತೆಗೆದುಕೊಳ್ಳೋಣ. ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ದಪ್ಪದಿಂದ ಭಾಗಿಸಿದರೆ ಉಕ್ಕಿನ ಮೇಲಿನ ಒತ್ತಡ ಸಿಗುತ್ತದೆ. ಆ ಪ್ರಕಾರ ಅದು ಸುಮಾರು 150 ಮೀಟರ್ ಆಳ ತಾಳಬೇಕು. ಆದರೆ ಒಳಬಳೆಗಳಿಲ್ಲದ ಕೊಳವೆ, ಉಕ್ಕು ಸೋಲುವ ಎಷ್ಟೋ ಮೊದಲೇ, ಆಕಾರಗೆಟ್ಟು ಒಳಕ್ಕೆ ಕುಸಿಯುತ್ತದೆ. ಎಂಜಿನಿಯರರು ಇದನ್ನು ಬಕ್ಲಿಂಗ್ ಎನ್ನುತ್ತಾರೆ. ಆ ಲೆಕ್ಕ ಹಾಕಿದರೆ ಉತ್ತರ ಕೇವಲ 1.2 ಮೀಟರ್! ದಪ್ಪ ಅರ್ಧವಾದರೆ ಈ ಶಕ್ತಿ ಎಂಟರಲ್ಲೊಂದು ಪಾಲಿಗಿಳಿಯುತ್ತದೆ. ಕೊಳವೆ ತುಸು ಸೊಟ್ಟಗಿದ್ದರೂ ಇನ್ನಷ್ಟು ತಗ್ಗುತ್ತದೆ. ಮೊದಲ ಲೆಕ್ಕವನ್ನಷ್ಟೇ ನಂಬಿದವನ ಗತಿಯೇನು?

ಹಣವಿದ್ದವರೂ ಈ ನಿಯಮಕ್ಕೆ ಹೊರತಲ್ಲ. ಟೈಟಾನಿಕ್ ನೋಡಲು ಇಳಿದ ಟೈಟನ್ ನಾವೆಯ ಒಡಲು ಕಾರ್ಬನ್ ಫೈಬರಿನದು. ಎಳೆತಕ್ಕೆ ಅಸಾಧಾರಣ ಗಟ್ಟಿಯಾದ ಈ ವಸ್ತು ಅದುಮುವಿಕೆಗೆ ಅಷ್ಟು ಗಟ್ಟಿಯಲ್ಲ. ಸ್ವತಂತ್ರ ಸಂಸ್ಥೆಯ ಪ್ರಮಾಣಪತ್ರ ಪಡೆಯದ ಆ ನಾವೆ 2023ರ ಜೂನ್ 18ರಂದು ನುಚ್ಚುನೂರಾಗಿ ಐವರು ಸತ್ತರು. ಈ ದುರಂತವನ್ನು ತಪ್ಪಿಸಬಹುದಿತ್ತೆಂದು ಅಮೆರಿಕದ ಕರಾವಳಿ ಪಡೆಯ ತನಿಖಾ ವರದಿ 2025ರಲ್ಲಿ ಹೇಳಿತು. ನಮ್ಮ ದೇಶದ ಮತ್ಸ್ಯ-6000ರ ದಾರಿ ನೋಡಿ: 6000 ಮೀಟರ್ ಆಳಕ್ಕೆಂದು 2.1 ಮೀಟರ್ ವ್ಯಾಸದ, 80 ಮಿಲಿಮೀಟರ್ ದಪ್ಪದ ಟೈಟಾನಿಯಂ ಮಿಶ್ರಲೋಹದ ಗೋಳ. ಅದಕ್ಕೂ ಮುನ್ನ 2021ರಲ್ಲಿ ಉಕ್ಕಿನ ಗೋಳವೊಂದನ್ನು ಮನುಷ್ಯರಿಲ್ಲದೆ 600 ಮೀಟರಿಗೆ ಇಳಿಸಿ ಪರೀಕ್ಷಿಸಿದರು.

ಕುಷ್ಟಗಿ, ಯಲಬುರ್ಗಾದ ಮಕ್ಕಳು ಇಂಥ ನಾವೆ ಕಟ್ಟಬಾರದೆಂದು ನಾನು ಹೇಳುತ್ತಿಲ್ಲ, ಅವಶ್ಯ ಕಟ್ಟಲಿ. ಆದರೆ ವಿಜ್ಞಾನ ಪ್ರದರ್ಶನದ ತೀರ್ಪುಗಾರರು ಶಾಲು ಹೊದಿಸುವ ಮುನ್ನ ಲೆಕ್ಕದ ಹಾಳೆಯನ್ನು ಕೇಳಲಿ. ಮನುಷ್ಯ ಒಳಗೆ ಕೂರುವ ಮುನ್ನ ನಾವೆ ಬರಿದಾಗಿಯೇ, ಬೇಕಾದ ಆಳಕ್ಕಿಂತ ಹೆಚ್ಚು ಆಳಕ್ಕೆ ಇಳಿದು, ಮೇಲೆ ಬಂದು ತೋರಿಸಲಿ. ಅಲ್ಲಿಯವರೆಗೆ ಚಪ್ಪಾಳೆ ತಟ್ಟುವವರೂ ಆ ಹುಡುಗನ ಪ್ರಾಣಕ್ಕೆ ಹೊಣೆಗಾರರೇ.