ಶಿಬಿರದಲ್ಲಿ ಕತ್ತಲಿಗೂ ಜಾಗವಿರಲಿ

ಬಿ.ಇಡಿ.ಯಲ್ಲಿ ಪೌರತ್ವ ತರಬೇತಿ ಶಿಬಿರ ಏಕೆ ಎಂದು ಕೇಳಿದರೆ ಸಹಬಾಳ್ವೆ, ಶ್ರಮದಾನ, ನಾಯಕತ್ವ ಎಂಬ ಉತ್ತರ ನಮ್ಮೆಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಆರೋಗ್ಯ ಎಂದು ಯಾರೂ ಹೇಳುವುದಿಲ್ಲ. ಬೋಧನಾಭ್ಯಾಸದ ದಿನಗಳಲ್ಲಿ ಮಧ್ಯರಾತ್ರಿ ದಾಟುವವರೆಗೆ ಪಾಠಯೋಜನೆ ಬರೆದು, ಚಾರ್ಟಿಗೆ ಬಣ್ಣ ಹಚ್ಚಿ, ಬೆಳಿಗ್ಗೆ ಆಕಳಿಸುತ್ತ ಶಾಲೆಗೆ ಹೋಗುವ ನಮಗೆ ಮೊದಲು ಬೇಕಾದದ್ದು ಅದೇ ಎಂಬುದು ನನ್ನ ಅಭಿಪ್ರಾಯ.

ವಿಜ್ಞಾನ ಓದಿ ಬಂದವಳಾದ್ದರಿಂದ ಒಂದು ಪ್ರಯೋಗದ ಮಾತು ಹೇಳುತ್ತೇನೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಕೆನೆತ್ ರೈಟ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವದು. ಎಂಟು ಜನ ರಾಕಿ ಪರ್ವತಗಳಲ್ಲಿ ಒಂದು ವಾರ ಡೇರೆ ಹಾಕಿಕೊಂಡು ಇದ್ದರು. ಟಾರ್ಚ್ ಇಲ್ಲ, ಮೊಬೈಲ್ ಇಲ್ಲ. ಹಗಲು ಬಿಸಿಲು, ರಾತ್ರಿ ಬೆಂಕಿಯ ಬೆಳಕು, ಅಷ್ಟೇ. ನಿದ್ರೆಗೆ ದೇಹವನ್ನು ಸಜ್ಜುಗೊಳಿಸುವ ಮೆಲಟೋನಿನ್ ಏರತೊಡಗುವ ಹೊತ್ತು ಸುಮಾರು ಎರಡು ಗಂಟೆ ಹಿಂದಕ್ಕೆ ಬಂತು. ಸಣ್ಣ ಪ್ರಯೋಗ, ನಿಜ. ಆದರೆ ಕಾರಣ ಗಟ್ಟಿಯಾದದ್ದು: ದೇಹದ ಗಡಿಯಾರ ನಡೆಯುವುದು ಕಣ್ಣಿಗೆ ಬೀಳುವ ಬೆಳಕನ್ನು ನೋಡಿಕೊಂಡು. ತರಗತಿಯೊಳಗಿನ ಬೆಳಕು ಕೆಲವು ನೂರು ಲಕ್ಸ್. ಹಗಲಿನ ಬಯಲಲ್ಲಿ ಅದು 10,000ವನ್ನು ಸಲೀಸಾಗಿ ದಾಟುತ್ತದೆ.

ನಮ್ಮ ಶಿಬಿರದಲ್ಲಿ ಎಲ್ಲವೂ ಉಲ್ಟಾ. ಹಗಲೆಲ್ಲ ಸಮುದಾಯ ಭವನದೊಳಗೆ ಉಪನ್ಯಾಸ. ಪ್ರತಿಯೊಂದಕ್ಕೂ ಸ್ವಾಗತ, ಪ್ರಾಸ್ತಾವಿಕ, ವಂದನಾರ್ಪಣೆ. ರಾತ್ರಿ ಹ್ಯಾಲೊಜನ್ ದೀಪ, ಮೈಕ್ ಸೆಟ್ಟು, ಹನ್ನೊಂದರವರೆಗೆ ಸಾಂಸ್ಕೃತಿಕ ಕಾರ್ಯಕ್ರಮ. ಆಮೇಲೆ ದಿನಚರಿ ಬರೆಯಬೇಕು, ವರದಿಗೆ ಅಂಕವಿದೆಯಲ್ಲ! ಕೆರೆ ಏರಿಯ ಮೇಲೆ ನಡೆದದ್ದು ಒಂದೇ ಸಂಜೆ, ಅದೂ ಅತಿಥಿಗಳು ಬರುವುದು ತಡವಾಯಿತೆಂದು. ಬೋಧನಾಭ್ಯಾಸ ಶುರುವಾದಾಗಿನಿಂದ ಮಾತೇ ಕಡಿಮೆಯಾಗಿದ್ದ ನಮ್ಮ ಗುಂಪಿನ ಗೆಳತಿ ಅಂದು ಮರಕ್ಕೆ ಮರಳುವ ನೀರುಕಾಗೆಗಳನ್ನು ಎಣಿಸುತ್ತ ತನ್ನೂರ ಕೆರೆಯ ಕತೆ ಹೇಳತೊಡಗಿದಳು. ಅತಿಥಿಗಳು ಇನ್ನೂ ಸ್ವಲ್ಪ ತಡವಾಗಿ ಬರಬಾರದೇ ಎನಿಸಿತು.

ಹೆಣ್ಣುಮಕ್ಕಳ ಸುರಕ್ಷತೆ, ಹಾವು ಚೇಳು ಎಂಬ ಉಪನ್ಯಾಸಕರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಮಲಗುವ ಕಟ್ಟಡಕ್ಕೆ, ಶೌಚಾಲಯದ ದಾರಿಗೆ ದೀಪ ಇರಲೇಬೇಕು. ಅಂಗಳದ ಹ್ಯಾಲೊಜನ್ ಮಾತ್ರ ಒಂಬತ್ತಕ್ಕೆ ಆರಲಿ. ಶಿಬಿರಾಗ್ನಿ ಇರಲಿ, ಆ ಪ್ರಯೋಗದಲ್ಲೂ ಬೆಂಕಿ ಇತ್ತು. ಉಪನ್ಯಾಸಗಳಲ್ಲಿ ಅರ್ಧದಷ್ಟನ್ನು ಬಿಟ್ಟು, ಉಳಿದವನ್ನು ಮರದಡಿಗೆ ತರಬಹುದು.

ಮುಂದಿನ ತಂಡದ ಶಿಬಿರದ ವೇಳಾಪಟ್ಟಿ ಇನ್ನೂ ಸಿದ್ಧವಾಗಿಲ್ಲ. ಅದರಲ್ಲಿ ಪ್ರತಿ ಸಂಜೆ ಐದರಿಂದ ಏಳರವರೆಗಿನ ಅವಧಿಯನ್ನು ಖಾಲಿ ಬಿಡಬೇಕೆಂದು ಶಿಬಿರ ಸಮಿತಿಯನ್ನು ಕೋರುತ್ತೇನೆ. ಆ ಎರಡು ಗಂಟೆಗೆ ಅತಿಥಿಗಳೂ ಬೇಡ, ವರದಿಯೂ ಬೇಡ.