ಬೀಗ ಹಾಕುವ ಮುನ್ನ ಬೆಕ್ಕಿನ ನೆನಪಿರಲಿ

ಕಾಸರಗೋಡು: ಬೇಸಿಗೆ ರಜೆ ಬಂತೆಂದರೆ ಕುಂಬಳೆ, ಬದಿಯಡ್ಕ ಕಡೆಯ ಎಷ್ಟೋ ಮನೆಗಳಿಗೆ ವಾರಗಟ್ಟಲೆ ಬೀಗ. ಮನೆಯೊಳಗೇ ಬೆಳೆದ ಬೆಕ್ಕಿನ ಗತಿ? ‘ಇಲಿ ಹಿಡಿದು ತಿಂದೀತು ಬಿಡಿ’ ಎನ್ನುವವರುಂಟು. ಇದು ಸರಿಯಲ್ಲ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಬೆಕ್ಕಿನ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯವಾದೀತು. ಇಟ್ಟು ಹೋದ ಹಾಲನ್ನ ಸೆಕೆಗೆ ಸಂಜೆಯೊಳಗೆ ಹಳಸುತ್ತದೆ.

ಜಾಗ ಬದಲಾದರೆ ಬೆಕ್ಕು ಕಂಗೆಡುತ್ತದೆ. ನೆಂಟರ ಮನೆಗೆ ಸಾಗಿಸುವುದಕ್ಕಿಂತ ನೆರೆಕರೆಯವರಿಗೆ ಕೀಲಿಕೈ ಕೊಟ್ಟು, ದಿನಕ್ಕೆರಡು ಹೊತ್ತು ಊಟ, ನೀರು, ಮರಳಿನ ತಟ್ಟೆ ನೋಡಿಕೊಳ್ಳಲು ಹೇಳುವುದೇ ಮೇಲು. ಮೃಗಾಸ್ಪತ್ರೆಯ ನಂಬರೂ ಕೊಟ್ಟಿರಬೇಕು. ಸಾಕುಪ್ರಾಣಿಯನ್ನು ಹಸಿವಿಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಪ್ರಕಾರ ಅಪರಾಧ.

ಅಡಿಕೆ ತೋಟಕ್ಕೆ ನೀರು ಬಿಡಲು ಆಳು ಗೊತ್ತು ಮಾಡಿ ಹೋಗುವವರು ಬೆಕ್ಕಿಗೂ ಅಷ್ಟು ಮಾಡಬಾರದೇ?