ಭೋಗ್ಯದ ಮನೆಯವರಿಗೆ ಯಾವ ಯೋಜನೆ?

ನಮ್ಮ ಬಡಾವಣೆಯ ಸರ್ಕಲ್‌ನಲ್ಲಿ ಈ ವಾರ ಮತ್ತೊಂದು ಫ್ಲೆಕ್ಸ್ ಎದ್ದಿದೆ. ಮೇಲೆ ಕೆಳಗೆ ಮುಖಂಡರ ಮುಖಗಳು, ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಮನೆಯ ಚಿತ್ರ. ಪ್ರಧಾನಮಂತ್ರಿ ಆವಾಸ್ ಯೋಜನೆ 2.0ಕ್ಕೆ ಅರ್ಜಿ ಹಾಕಿಸಿಕೊಡುತ್ತಾರಂತೆ, ಬಡವರಿಗೆ ಸ್ವಂತ ಸೂರು ಆಗುತ್ತದಂತೆ. ಫುಟ್‌ಪಾತ್ ಅಡ್ಡಗಟ್ಟಿ ನಿಂತ ಫ್ಲೆಕ್ಸಿಗೆ ಬೈಯುವುದನ್ನು ನಾನು ಎಂದೋ ಬಿಟ್ಟಿದ್ದೇನೆ. ಆದರೆ ಕೆಳಗಡೆ ಸಣ್ಣಕ್ಷರದಲ್ಲಿ ಬರೆದ ಲೆಕ್ಕ ಓದಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಲೆಕ್ಕ ಇಷ್ಟು. ವರ್ಷಕ್ಕೆ 3 ಲಕ್ಷದೊಳಗೆ ದುಡಿಯುವವರು ಆರ್ಥಿಕವಾಗಿ ದುರ್ಬಲರು, 6 ಲಕ್ಷದವರೆಗೆ ಕಡಿಮೆ ಆದಾಯದವರು, 9 ಲಕ್ಷದವರೆಗೆ ಮಧ್ಯಮ ವರ್ಗ. ಮನೆಯ ಬೆಲೆ 35 ಲಕ್ಷ ಮೀರಬಾರದು, ಸಾಲ 25 ಲಕ್ಷ ದಾಟಬಾರದು. ಸಾಲದ ಮೊದಲ 8 ಲಕ್ಷಕ್ಕೆ ಶೇ 4ರಷ್ಟು ಬಡ್ಡಿ ರಿಯಾಯಿತಿ, ಒಟ್ಟು 1.80 ಲಕ್ಷದವರೆಗೆ, ಅದೂ ಐದು ಕಂತಿನಲ್ಲಿ. ತಿಂಗಳಿಗೆ 25 ಸಾವಿರ ತರುವ ಆಟೊ ಚಾಲಕನೊಬ್ಬ 25 ಲಕ್ಷ ಸಾಲ ಎತ್ತಿದ ಅಂತಿಟ್ಟುಕೊಳ್ಳಿ. ಇಪ್ಪತ್ತು ವರ್ಷಕ್ಕೆ, ಎಂಟೂವರೆ ಬಡ್ಡಿಗೆ, ತಿಂಗಳ ಕಂತು 21 ಸಾವಿರ ಚಿಲ್ಲರೆ. ಉಳಿದ ಮೂರು ಸಾವಿರ ಚಿಲ್ಲರೆಯಲ್ಲಿ ಅಕ್ಕಿ, ಗ್ಯಾಸು, ಮಗಳ ಫೀಸು. ಸ್ಯಾಲರಿ ಸ್ಲಿಪ್ ಇಲ್ಲದವನಿಗೆ ಬ್ಯಾಂಕು ಸಾಲ ಕೊಡುತ್ತದೆಯೇ ಎಂಬ ಮಾತು ಬೇಡ ಬಿಡಿ. ಬೆಂಗಳೂರಿನಲ್ಲಿ 35 ಲಕ್ಷದೊಳಗೆ ಮನೆ ಎಲ್ಲಿದೆ ಅಂತ ಆ ಫ್ಲೆಕ್ಸಿನ ಮುಖಂಡರು ಒಮ್ಮೆ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದರೆ ಸಾಕು.

ಈ ಅಂಕಣದ ಹಳೆಯ ಓದುಗರಿಗೆ ನನ್ನ ಹಳೆಯ ರಾಗ ಗೊತ್ತು. ನಮ್ಮ ಸರ್ಕಾರಗಳಿಗೆ, ಯಾವ ಪಕ್ಷದ್ದೇ ಇರಲಿ, ಬಡವ ಅಂದರೆ ಒಂದೋ ನಿವೇಶನ ಬೇಡುವವನು, ಇಲ್ಲವೇ ಮನೆ ಬೇಡುವವನು. ಬಾಡಿಗೆದಾರ ಎಂಬ ಮನುಷ್ಯ ಅವರ ಕಣ್ಣಿಗೆ ಬಿದ್ದದ್ದು 2023ರಲ್ಲಿ, ಗೃಹಜ್ಯೋತಿಯ 200 ಯೂನಿಟ್ ಅವನಿಗೂ ಸಿಗಬೇಕೋ ಬೇಡವೋ ಎಂಬ ಗಲಾಟೆ ಎದ್ದಾಗ. ಕರೆಂಟು ಸಿಕ್ಕಿತು. ಮನೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ನಾಲ್ಕು ಮನೆಗಳಲ್ಲಿ ಅಡುಗೆ ಮಾಡುವ ಹೆಂಗಸೊಬ್ಬರು ಮೊನ್ನೆ ಒಂದು ಕವರ್ ಹಿಡಿದು ಬಂದರು. ಒಳಗೆ ಲ್ಯಾಮಿನೇಟ್ ಮಾಡಿಸಿದ ಕರಾರು ಪತ್ರ. ಆರು ಲಕ್ಷಕ್ಕೆ ಭೋಗ್ಯ. ಒಂದು ರೂಮು, ಅಡುಗೆಮನೆ, ಮೆಟ್ಟಿಲ ಕೆಳಗೆ ಟಾಯ್ಲೆಟ್. ಚೀಟಿ ಎತ್ತಿದ್ದು, ಸರ ಅಡವಿಟ್ಟದ್ದು, ಊರಿನ ಹೊಲ ಮಾರಿದಾಗ ತಮ್ಮ ಕೊಟ್ಟ ಪಾಲು, ಎಲ್ಲ ಸೇರಿ ಆರು ಲಕ್ಷ. ಕರಾರು ಎಂದಿನಂತೆ ಹನ್ನೊಂದು ತಿಂಗಳದ್ದು. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಲ್ಲ, ಅದನ್ನು ತಪ್ಪಿಸುವುದು ಟೈಪಿಸ್ಟನಿಗೂ ಗೊತ್ತು. ಕವರಿನಲ್ಲಿ ಇನ್ನೊಂದು ಕಾಗದ ಇತ್ತು. ಗೇಟಿಗೆ ಅಂಟಿಸಿದ್ದನ್ನು ಕಿತ್ತು ತಂದದ್ದು, ಹಿಂದೆ ಗೋಂದು ಇನ್ನೂ ಒಣಗಿರಲಿಲ್ಲ. ಮಾಲೀಕ ಕಟ್ಟಡದ ಮೇಲೆ ಸಾಲ ಎತ್ತಿ ಕಟ್ಟಿಲ್ಲ, ಬ್ಯಾಂಕು ಜಪ್ತಿ ನೋಟಿಸು ಹಚ್ಚಿದೆ.

‘ಸರ್, ಇದರಲ್ಲಿ ನಮ್ಮ ಹೆಸರು ಎಲ್ಲಿದೆ ನೋಡಿ’ ಅಂದರು.

ಎರಡು ಸಲ ಓದಿದೆ. ಮಾಲೀಕನ ಹೆಸರಿದೆ, ಅವನ ಹೆಂಡತಿಯ ಹೆಸರಿದೆ, ಚಕ್ಕುಬಂದಿ ಇದೆ. ಇವರ ಹೆಸರು ಎಲ್ಲೂ ಇಲ್ಲ. ‘ಮತ್ತೆ ನಮ್ಮ ದುಡ್ಡು?’

ಸರ್ಕಾರದ ಒಂದು ಪೈಸೆಯೂ ಇಲ್ಲದೆ ಈ ಊರಿನ ಬಡವರು, ಕೆಳಮಧ್ಯಮದವರು ತಾವೇ ಕಟ್ಟಿಕೊಂಡ ವಸತಿ ಯೋಜನೆ ಈ ಭೋಗ್ಯ. ಅದಕ್ಕೆ ರಕ್ಷಣೆ ಏನು? 1999ರ ಕರ್ನಾಟಕ ಬಾಡಿಗೆ ಕಾಯ್ದೆ ತೆಗೆದು ನೋಡಿ. ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗೆ ಅದು ಅನ್ವಯಿಸುವುದೇ ಇಲ್ಲ. ಇವತ್ತು ಬೆಂಗಳೂರಿನಲ್ಲಿ 3,500ಕ್ಕೆ ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. 2021ರಲ್ಲಿ ಕೇಂದ್ರವು ಮಾದರಿ ಬಾಡಿಗೆ ಕಾಯ್ದೆ ಕಳಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ ಎಂದು ಅದರಲ್ಲಿದೆ. ಹತ್ತು ತಿಂಗಳ ಅಡ್ವಾನ್ಸು ಇಸಿದುಕೊಂಡು, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳು ಮುರಿದುಕೊಳ್ಳುವ ಊರಿದು. ಆ ಕಾಯ್ದೆಯನ್ನು ಇಲ್ಲಿ ಯಾರು ಜಾರಿಗೆ ತರುತ್ತಾರೆ?

ಬಾಡಿಗೆ ಮನೆಯ ಯೋಜನೆ ಬರಲೇ ಇಲ್ಲ ಎಂದಲ್ಲ. 2020ರಲ್ಲಿ ವಲಸೆ ಕಾರ್ಮಿಕರು ಹೆದ್ದಾರಿ ಹಿಡಿದು ನಡೆದೇ ಊರು ಸೇರಿದ್ದನ್ನು ದೇಶ ಟಿ.ವಿ.ಯಲ್ಲಿ ನೋಡಿತಲ್ಲ, ಆಗ ಕೇಂದ್ರಕ್ಕೆ ಜ್ಞಾನೋದಯವಾಗಿ ಅಗ್ಗದ ಬಾಡಿಗೆ ವಸತಿ ಸಮುಚ್ಚಯ ಎಂಬುದು ಬಂತು. ಹಳೆಯ ಯೋಜನೆಗಳಲ್ಲಿ ಕಟ್ಟಿ ಖಾಲಿ ಬಿದ್ದಿದ್ದ 80 ಸಾವಿರಕ್ಕೂ ಹೆಚ್ಚು ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವುದು ಅದರ ಒಂದು ಭಾಗ. ವರ್ಷಗಳು ಕಳೆದವು, ಹಾಗೆ ಬಾಡಿಗೆಗೆ ಸಿದ್ಧವಾದವು 6 ಸಾವಿರ ಮುಟ್ಟಲಿಲ್ಲ. ಈಗ 2.0ದಲ್ಲೂ ಬಾಡಿಗೆ ಮನೆಗೆ ಒಂದು ವಿಭಾಗ ಇದೆ. ಫ್ಲೆಕ್ಸಿನಲ್ಲಿ ಮಾತ್ರ ಇಲ್ಲ. ಬಾಡಿಗೆದಾರನಿಗೆ ಹಕ್ಕುಪತ್ರ ಕೊಡುವ ಫೋಟೊ ತೆಗೆಸಿಕೊಳ್ಳಲು ಬರುವುದಿಲ್ಲವಲ್ಲ.

ಕೊಳೆಗೇರಿ ಮಂಡಳಿಯ ಕಥೆಯೂ ಹೀಗೇ. 2024ರ ಮಾರ್ಚಿನಲ್ಲಿ ಒಂದೇ ಸಲಕ್ಕೆ 36,789 ಮನೆ ಹಂಚಿದರು. ಫಲಾನುಭವಿ ತನ್ನ ಪಾಲಿನ ನಾಲ್ಕೂವರೆ ಲಕ್ಷದ ಆಸುಪಾಸು ಕಟ್ಟಲಾರದೆ ಮನೆಗಳು ಅರ್ಧಕ್ಕೇ ನಿಂತಿದ್ದವು. ಕಡೆಗೆ ರಾಜ್ಯವೇ ಅದರ ಬಹುಪಾಲು ಹೊತ್ತು, ಬಡವ ಒಂದು ಲಕ್ಷ ಕೊಟ್ಟರೆ ಸಾಕು ಎಂದಿತು. ಒಳ್ಳೆಯದೇ. ಆದರೆ ಬಡವನ ಹತ್ತಿರ ಮನೆ ಕೊಳ್ಳುವಷ್ಟು ದುಡ್ಡಿಲ್ಲ ಎಂದು ಗೊತ್ತಾಗಲು ಇಷ್ಟು ವರ್ಷ ಬೇಕಾಯಿತೇ?

ಗಿರಾಕಿಯಿಲ್ಲದ ಸರ್ಕಾರಿ ಫ್ಲ್ಯಾಟುಗಳನ್ನು ಮೇಳ ಹಚ್ಚಿ ಮಾರುವ ಬದಲು ಬಾಡಿಗೆಗೆ ಕೊಡಬಾರದೇಕೆ ಎಂದು ನಿವೃತ್ತ ಇಂಜಿನಿಯರ್ ಒಬ್ಬರನ್ನು ಕೇಳಿದ್ದೆ. ‘ಬಾಡಿಗೆಗೆ ಕೊಟ್ಟರೆ ನಲ್ಲಿ ಸೋರಿದ್ದಕ್ಕೂ ನಮಗೇ ಫೋನು ಮಾರಾಯ್ರೆ. ಮಾರಿಬಿಟ್ಟರೆ ಸಂಬಂಧ ಹರಿಯಿತು’ ಅಂದರು. ಅಷ್ಟು ಪ್ರಾಮಾಣಿಕವಾದ ಉತ್ತರ ಯಾವ ವಸತಿ ಸಚಿವರಿಂದಲೂ ನನಗೆ ಸಿಕ್ಕಿಲ್ಲ. ಮಾತೆತ್ತಿದರೆ ಸಿಂಗಪುರ ಎನ್ನುವವರಿಗೊಂದು ಮಾತು: ಅಲ್ಲಿ ಸರ್ಕಾರ ಕಟ್ಟಿಕೊಟ್ಟ ಫ್ಲ್ಯಾಟನ್ನು ಜನ ಪಡೆಯುವುದು 99 ವರ್ಷದ ಗುತ್ತಿಗೆಗೆ. ನೆಲ ಸರ್ಕಾರದ್ದೇ, ಹೊಣೆಯೂ ಸರ್ಕಾರದ ಕೈಬಿಟ್ಟಿಲ್ಲ.

ಹಾಗಂತ ಸರ್ಕಾರಕ್ಕೆ ಬಾಡಿಗೆ ವಸತಿ ನಡೆಸಲು ಬರುವುದಿಲ್ಲ ಎಂದು ನಾನು ಒಪ್ಪುವುದಿಲ್ಲ. ಅಡ್ವಾನ್ಸ್ ಇಲ್ಲ, ಒಳಗೆ ಬರುವ ಮೊದಲೇ ಸುಣ್ಣ ಬಣ್ಣ, ಬೇಕಾದರೆ ವಾಸ್ತು ಪ್ರಕಾರ ಬಾಗಿಲು ಒಡೆದು ಬೇರೆ ಕಡೆ ಇಡಿಸಿಕೊಡುತ್ತಾರೆ, ನಲ್ಲಿ ಸೋರಿದರೆ ಲೋಕೋಪಯೋಗಿ ಇಲಾಖೆ ಓಡಿ ಬರುತ್ತದೆ. ಕೆಲಸ ಹೋದ ಮೇಲೂ ತಿಂಗಳುಗಟ್ಟಲೆ ಯಾರೂ ಎಬ್ಬಿಸುವುದಿಲ್ಲ. ಇಷ್ಟು ಚೆಂದದ ಯೋಜನೆ ಕುಮಾರಪಾರ್ಕ್‌ನ ಸಚಿವರ ಬಂಗಲೆಗಳಲ್ಲಿ ಎಷ್ಟೋ ವರ್ಷದಿಂದ ನಡೆಯುತ್ತಿದೆ. ಅದಕ್ಕೆ ಅರ್ಜಿ ಎಲ್ಲಿ ಸಿಗುತ್ತದೆ ಎಂದು ಫ್ಲೆಕ್ಸಿನವರು ನಮ್ಮ ಅಡುಗೆಯವರಿಗೆ ತಿಳಿಸಲಿ.